ಬೇರೆ ಒಲೆ ಹೂಡಿದರೆ: ಅಮೆರಿಕದ ರಾಜ್ಯಗಳು ಸ್ವತಂತ್ರ ದೇಶಗಳಾಗಿ ಬದುಕಬಲ್ಲವೆ?

2025ರ ಏಪ್ರಿಲ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಗ್ಯಾವಿನ್ ನ್ಯೂಸಮ್ ಒಂದು ಪ್ರಕಟಣೆ ಹೊರಡಿಸಿದರು. ಹಿಂದಿನ ವರ್ಷ ಕ್ಯಾಲಿಫೋರ್ನಿಯದ ಒಟ್ಟು ಉತ್ಪನ್ನ 4.1 ಲಕ್ಷ ಕೋಟಿ ಡಾಲರುಗಳನ್ನು ಮುಟ್ಟಿದೆ; ಅದೊಂದು ದೇಶವಾಗಿದ್ದರೆ ಜಪಾನನ್ನು ಹಿಂದಿಕ್ಕಿ, ಅಮೆರಿಕ, ಚೀನ, ಜರ್ಮನಿಗಳ ನಂತರ ಜಗತ್ತಿನ ನಾಲ್ಕನೆಯ ದೊಡ್ಡ ಅರ್ಥವ್ಯವಸ್ಥೆ ಎನಿಸುತ್ತಿತ್ತು ಎಂಬುದು ಅದರ ಸಾರಾಂಶ. ನಾಲ್ಕು ಕೋಟಿಗೆ ತುಸು ಕಡಿಮೆ ಜನರಿರುವ ಈ ಒಂದು ರಾಜ್ಯ, 140 ಕೋಟಿಗೂ ಹೆಚ್ಚು ಜನರಿರುವ ಭಾರತ ಆ ವರ್ಷ ಉತ್ಪಾದಿಸಿದ್ದಕ್ಕಿಂತ ಸ್ವಲ್ಪ ಹೆಚ್ಚನ್ನೇ ಉತ್ಪಾದಿಸಿತ್ತು.

'ದೇಶವಾಗಿದ್ದರೆ' ಎಂಬ ಈ ಮಾತು ಅಮೆರಿಕದಲ್ಲಿ ಯಾವಾಗಲೂ ಬರಿಯ ಹೋಲಿಕೆಯಾಗಿ ಉಳಿಯುವುದಿಲ್ಲ. 2016ರ ಅಧ್ಯಕ್ಷೀಯ ಚುನಾವಣೆಯ ಬಳಿಕ ಕ್ಯಾಲಿಫೋರ್ನಿಯ ಒಕ್ಕೂಟದಿಂದ ಹೊರಬರಬೇಕೆಂಬ ಕೂಗು ಕೆಲಕಾಲ ಕೇಳಿಬಂತು. ಟೆಕ್ಸಸ್‌ನಲ್ಲಿ ಅಂಥ ಮಾತನಾಡುವ ಗುಂಪುಗಳು ಬಹುಕಾಲದಿಂದ ಇವೆ. 2022ರಲ್ಲಿ ನ್ಯೂ ಹ್ಯಾಂಪ್‌ಶೈರ್ ಶಾಸನಸಭೆಯ ಮುಂದೆ ಇಂಥದೊಂದು ಪ್ರಸ್ತಾವ ಬಂದು ಭಾರಿ ಬಹುಮತದಿಂದ ಬಿದ್ದುಹೋಯಿತು. ಹೀಗೆ ಕೇಳುವವರ ವಾದ ಸರಳವಾದದ್ದು: ನಮ್ಮ ದುಡಿಮೆ ನಮಗೆ ಸಾಕು, ವಾಷಿಂಗ್ಟನ್ನಿಗೆ ಕಟ್ಟುವ ತೆರಿಗೆ ನಮ್ಮಲ್ಲೇ ಉಳಿದರೆ ಇನ್ನೂ ಚೆನ್ನಾಗಿ ಬಾಳಬಲ್ಲೆವು. ಅವಿಭಕ್ತ ಕುಟುಂಬದಲ್ಲಿ ಹೆಚ್ಚು ಸಂಪಾದಿಸುವ ತಮ್ಮನೊಬ್ಬ ಬೇರೆ ಒಲೆ ಹೂಡುವ ಮಾತೆತ್ತಿದಂತೆ ಇದು. ಕಾನೂನಿನ ಪ್ರಶ್ನೆ ಸದ್ಯಕ್ಕೆ ಹಾಗಿರಲಿ. ಹಣಕಾಸಿನ ದೃಷ್ಟಿಯಿಂದ ಈ ವಾದ ನಿಲ್ಲುತ್ತದೆಯೆ?

ಗಾತ್ರವೊಂದನ್ನೇ ನೋಡಿದರೆ ನಿಲ್ಲುತ್ತದೆ ಎಂದೇ ಹೇಳಬೇಕು. 2024ರಲ್ಲಿ ಟೆಕ್ಸಸ್‌ನ ಉತ್ಪನ್ನ ಸುಮಾರು 2.7 ಲಕ್ಷ ಕೋಟಿ ಡಾಲರ್. ಇದು ಇಟಲಿ ದೇಶದ ಉತ್ಪನ್ನಕ್ಕಿಂತ ಹೆಚ್ಚು. ಐವತ್ತು ರಾಜ್ಯಗಳಲ್ಲಿ ಅತಿ ಚಿಕ್ಕ ಅರ್ಥವ್ಯವಸ್ಥೆ ಈಶಾನ್ಯ ಮೂಲೆಯ ವರ್ಮಾಂಟ್‌ನದು. ಆರೂವರೆ ಲಕ್ಷದಷ್ಟು ಜನರಿರುವ ಆ ಗುಡ್ಡಗಾಡು ರಾಜ್ಯ ವರ್ಷಕ್ಕೆ ಸುಮಾರು 4,500 ಕೋಟಿ ಡಾಲರ್ ಉತ್ಪಾದಿಸುತ್ತದೆ. ಅದಕ್ಕಿಂತ ಕಡಿಮೆ ಜನರಿರುವ ಐಸ್‌ಲೆಂಡ್ ಸ್ವತಂತ್ರ ದೇಶವಾಗಿ, ಸಾಕಷ್ಟು ಶ್ರೀಮಂತ ದೇಶವಾಗಿ ಬಾಳುತ್ತಿದೆ. ಲಕ್ಸೆಂಬರ್ಗಿನ ಜನಸಂಖ್ಯೆಯೂ ಹೆಚ್ಚುಕಡಿಮೆ ವರ್ಮಾಂಟ್‌ನಷ್ಟೇ. ಹಾಗಾಗಿ ಚಿಕ್ಕದು ಎಂಬ ಕಾರಣಕ್ಕೆ ಯಾವ ರಾಜ್ಯವನ್ನೂ ಈ ಪರೀಕ್ಷೆಯಲ್ಲಿ ನಪಾಸು ಮಾಡುವಂತಿಲ್ಲ.

ಆದರೆ ಗಾತ್ರದ ಲೆಕ್ಕ ಒಂದು ಸಂಗತಿಯನ್ನು ಹೇಳುವುದಿಲ್ಲ. ಆ ಸಂಪತ್ತು ಯಾವ ಏರ್ಪಾಡಿನೊಳಗೆ ಹುಟ್ಟಿತು, ಏರ್ಪಾಡು ಬದಲಾದರೆ ಅದರಲ್ಲಿ ಎಷ್ಟು ಉಳಿದೀತು ಎಂಬುದೇ ಆ ಸಂಗತಿ. ಇದಕ್ಕೆ ಉತ್ತರವನ್ನು ಬರಿಯ ಊಹೆಯಿಂದ ಹುಡುಕಬೇಕಾಗಿಲ್ಲ. ಇಂದಿನ ಐವತ್ತು ರಾಜ್ಯಗಳಲ್ಲಿ ಕೆಲವು ಒಂದು ಕಾಲಕ್ಕೆ ನಿಜವಾಗಿಯೂ ಸ್ವತಂತ್ರವಾಗಿ ಬಾಳಿ ನೋಡಿದ್ದವು. ಅವುಗಳ ಅನುಭವ ಇತಿಹಾಸದಲ್ಲಿ ದಾಖಲಾಗಿದೆ.

ಮೊದಲನೆಯದು ವರ್ಮಾಂಟ್. ಬ್ರಿಟಿಷರ ವಿರುದ್ಧ ಹದಿಮೂರು ವಸಾಹತುಗಳು ಹೋರಾಡುತ್ತಿದ್ದ ಕಾಲದಲ್ಲಿ ಈ ನೆಲ ತಮ್ಮದೆಂದು ನ್ಯೂಯಾರ್ಕ್, ನ್ಯೂ ಹ್ಯಾಂಪ್‌ಶೈರ್ ಎರಡೂ ಜಗಳವಾಡುತ್ತಿದ್ದವು. ಬೇಸತ್ತ ಅಲ್ಲಿನ ಜನ 1777ರಲ್ಲಿ ಯಾರಿಗೂ ಸೇರದ ಸ್ವತಂತ್ರ ನಾಡು ಎಂದು ಘೋಷಿಸಿಕೊಂಡರು. ಅದೇ ವರ್ಷ ಬರೆದುಕೊಂಡ ಸಂವಿಧಾನದಲ್ಲಿ ವಯಸ್ಕರನ್ನು ಗುಲಾಮರಾಗಿ ಇಟ್ಟುಕೊಳ್ಳುವುದನ್ನು ನಿಷೇಧಿಸಿದರು. ತಮ್ಮದೇ ಅಂಚೆ ವ್ಯವಸ್ಥೆ ಮಾಡಿಕೊಂಡರು. 1785ರಿಂದ ತಮ್ಮದೇ ತಾಮ್ರದ ನಾಣ್ಯ ಟಂಕಿಸಿದರು. ಒಕ್ಕೂಟದ ಯುದ್ಧಸಾಲದಲ್ಲಿ ಪಾಲಿಲ್ಲ. ಬ್ರಿಟಿಷರ ಪರವಾಗಿದ್ದವರಿಂದ ವಶಪಡಿಸಿಕೊಂಡ ಜಮೀನನ್ನು ಮಾರಿ ಬೊಕ್ಕಸ ತುಂಬಿಸಿಕೊಂಡದ್ದರಿಂದ ತೆರಿಗೆ ಹಗುರ. ನೆರೆಹೊರೆಯಿಂದ ಜನ ಅಲ್ಲಿಗೆ ವಲಸೆ ಬಂದರು. ಹದಿನಾಲ್ಕು ವರ್ಷ ವರ್ಮಾಂಟ್ ಹೀಗೆ ಚೆನ್ನಾಗಿಯೇ ನಡೆಯಿತು.

ಹಾಗಿದ್ದರೆ ಅದು ಒಕ್ಕೂಟ ಸೇರಿದ್ದೇಕೆ? ವರ್ಮಾಂಟ್‌ಗೆ ಸಮುದ್ರ ತೀರವಿಲ್ಲ. ಪಶ್ಚಿಮ ಭಾಗದ ಮರಮುಟ್ಟು, ಸುಟ್ಟ ಮರದ ಬೂದಿಯಿಂದ ತೆಗೆದ ಪೊಟ್ಯಾಷ್ ಇವೆಲ್ಲ ಶಾಂಪ್ಲೇನ್ ಸರೋವರದ ಮೂಲಕ ಉತ್ತರಕ್ಕೆ, ಬ್ರಿಟಿಷರ ಕ್ವಿಬೆಕ್‌ಗೆ ಹೋಗಬೇಕಿತ್ತು. ಆ ದಾರಿಗಾಗಿ, ಗಡಿಯ ಶಾಂತಿಗಾಗಿ ಅದರ ಮುಖಂಡರು ಬ್ರಿಟಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸಿದ್ದೂ ಉಂಟು. ದಕ್ಷಿಣಕ್ಕೆ ಅಮೆರಿಕ, ಉತ್ತರಕ್ಕೆ ಬ್ರಿಟನ್. ಇಬ್ಬರಲ್ಲಿ ಯಾರ ಬಾಗಿಲು ಮುಚ್ಚಿದರೂ ಕಷ್ಟ. ಕೊನೆಗೆ ಭೂಮಿಯ ತಕರಾರು ತೀರಿಸಲು ನ್ಯೂಯಾರ್ಕಿಗೆ 30,000 ಡಾಲರ್ ಕೊಡಲು ಒಪ್ಪಿ, 1791ರ ಮಾರ್ಚ್ 4ರಂದು ವರ್ಮಾಂಟ್ ಹದಿನಾಲ್ಕನೆಯ ರಾಜ್ಯವಾಯಿತು.

ಎರಡನೆಯದು ರೋಡ್ ಐಲೆಂಡ್. ವಿಸ್ತೀರ್ಣದಲ್ಲಿ ಇದು ಎಲ್ಲಕ್ಕಿಂತ ಚಿಕ್ಕ ರಾಜ್ಯ. ಬಂದರುಗಳ ಆಮದು ಸುಂಕವೇ ಅದರ ಜೀವಾಳ. ಆ ಸುಂಕವನ್ನು ಕೇಂದ್ರಕ್ಕೆ ಬಿಟ್ಟುಕೊಡಲು ಅದಕ್ಕೆ ಮನಸ್ಸಿರಲಿಲ್ಲ. 1786ರಲ್ಲಿ ಅದು ಹೊರಡಿಸಿದ ಕಾಗದದ ಹಣವನ್ನು ಸಾಲ ಕೊಟ್ಟವರು ಮುಟ್ಟಲು ಹಿಂಜರಿಯುತ್ತಿದ್ದರು. 1789ರಲ್ಲಿ ಹೊಸ ಸಂವಿಧಾನದ ಅಡಿಯಲ್ಲಿ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾದಾಗ ಹೊರಗೆ ಉಳಿದದ್ದು ಉತ್ತರ ಕ್ಯಾರೊಲಿನ, ರೋಡ್ ಐಲೆಂಡ್ ಎರಡೇ. ಆ ವರ್ಷದ ನವೆಂಬರಿನಲ್ಲಿ ಉತ್ತರ ಕ್ಯಾರೊಲಿನ ಒಳಬಂತು. ರೋಡ್ ಐಲೆಂಡ್ ಒಂಟಿಯಾಯಿತು.

1790ರ ಮೇ ತಿಂಗಳಲ್ಲಿ ಅಮೆರಿಕದ ಸೆನೆಟ್ ಒಂದು ಮಸೂದೆಯನ್ನು ಅಂಗೀಕರಿಸಿತು. ರೋಡ್ ಐಲೆಂಡಿನೊಂದಿಗೆ ವ್ಯಾಪಾರವನ್ನೇ ನಿಲ್ಲಿಸಬೇಕೆಂಬುದು ಅದರ ತಿರುಳು. ರೋಡ್ ಐಲೆಂಡಿನ ಒಳಗಿನ ಪ್ರಾವಿಡೆನ್ಸ್ ಪಟ್ಟಣ, ರಾಜ್ಯ ಒಪ್ಪದಿದ್ದರೆ ತಾನೇ ಬೇರೆಯಾಗಿ ಒಕ್ಕೂಟ ಸೇರುವುದಾಗಿ ಗದರಿಸಿತು. ಮೇ 29ರಂದು 34ಕ್ಕೆ 32 ಮತಗಳಿಂದ, ಎರಡೇ ಮತಗಳ ಅಂತರದಲ್ಲಿ, ರೋಡ್ ಐಲೆಂಡ್ ಸಂವಿಧಾನವನ್ನು ಒಪ್ಪಿತು. ಇಲ್ಲಿ ಒಂದು ಗುಂಡೂ ಹಾರಲಿಲ್ಲ. ಮಾರುಕಟ್ಟೆಯ ಬಾಗಿಲು ಮುಚ್ಚುವ ಬೆದರಿಕೆಯೇ ಸಾಕಾಯಿತು.

ಮೂರನೆಯದು ಇವೆಲ್ಲಕ್ಕಿಂತ ದೊಡ್ಡ ಪ್ರಯೋಗವಾದ ಟೆಕ್ಸಸ್. 1836ರ ಮಾರ್ಚ್ 2ರಂದು ಅದು ಮೆಕ್ಸಿಕೊದಿಂದ ಬೇರೆಯಾಗಿ ಗಣರಾಜ್ಯವೆಂದು ಘೋಷಿಸಿಕೊಂಡಿತು. ವರ್ಮಾಂಟ್ ಗುಲಾಮಗಿರಿಯನ್ನು ತೆಗೆದುಹಾಕಿ ಸ್ವತಂತ್ರವಾಗಿದ್ದರೆ, ಟೆಕ್ಸಸ್‌ನ ಸಂವಿಧಾನ ಅದನ್ನು ಭದ್ರಪಡಿಸಿತ್ತು ಎಂಬುದನ್ನೂ ಮರೆಯಬಾರದು. ಅಮೆರಿಕ, ಫ್ರಾನ್ಸ್, ಬ್ರಿಟನ್ ದೇಶಗಳ ಮಾನ್ಯತೆ ಸಿಕ್ಕಿತು. ಧ್ವಜ, ಸೇನೆ, ನೌಕಾಪಡೆ, ರಾಯಭಾರಿಗಳು ಎಲ್ಲವೂ ಇದ್ದವು. ಇಲ್ಲದ್ದು ಹಣ ಮಾತ್ರ.

ಭೂಮಿ ಬೇಕಾದಷ್ಟಿತ್ತು, ಆದರೆ ಅದನ್ನು ಕೊಳ್ಳುವವರ ಕೈಯಲ್ಲಿ ನಗದು ಇರಲಿಲ್ಲ. ಬೊಕ್ಕಸಕ್ಕೆ ಬರುತ್ತಿದ್ದ ಮುಖ್ಯ ಆದಾಯವೆಂದರೆ ಆಮದು ಸುಂಕ. 1838ರಲ್ಲಿ ಅಧ್ಯಕ್ಷನಾದ ಮಿರಾಬೊ ಲಮಾರ್‌ಗೆ ದೊಡ್ಡ ಕನಸುಗಳಿದ್ದವು. ಹೊಸ ರಾಜಧಾನಿ ಆಸ್ಟಿನ್, ಮೂಲನಿವಾಸಿಗಳ ಮೇಲೆ ಯುದ್ಧ, 1841ರಲ್ಲಿ ಸಾಂತಾ ಫೆ ಕಡೆಗೆ ಕಳಿಸಿ ಪೂರ್ತಿ ಸೆರೆಸಿಕ್ಕ ದಂಡಯಾತ್ರೆ, ಇವಕ್ಕೆಲ್ಲ ನೋಟು ಅಚ್ಚುಹಾಕಿ ಖರ್ಚುಮಾಡಲಾಯಿತು. 'ರೆಡ್‌ಬ್ಯಾಕ್' ಎಂದು ಕರೆಸಿಕೊಂಡ ಆ ನೋಟು ಮೂರು ವರ್ಷದೊಳಗೆ ಡಾಲರಿಗೆ ಎರಡು ಸೆಂಟಿನಷ್ಟು ಬೆಲೆಗೆ ಇಳಿಯಿತು. 1842ರಲ್ಲಿ ಮೆಕ್ಸಿಕೊದ ಸೈನ್ಯ ಎರಡು ಸಲ ಸ್ಯಾನ್ ಆಂಟೋನಿಯೊ ಪಟ್ಟಣವನ್ನು ಹಿಡಿದು ಹಿಂತಿರುಗಿತು. ಮತ್ತೆ ಅಧ್ಯಕ್ಷನಾಗಿ ಬಂದ ಸ್ಯಾಮ್ ಹ್ಯೂಸ್ಟನ್ ಖರ್ಚುಗಳಿಗೆಲ್ಲ ಕತ್ತರಿ ಹಾಕಿದ. 1843ರಲ್ಲಿ ನೌಕಾಪಡೆಯ ಹಡಗುಗಳನ್ನೇ ಹರಾಜಿಗೆ ಇಡಲು ಹೊರಟಾಗ ಗ್ಯಾಲ್ವೆಸ್ಟನ್ ಬಂದರಿನ ಜನ ಅಡ್ಡಬಂದು ನಿಲ್ಲಿಸಿದರು.

1845ರ ಡಿಸೆಂಬರಿನಲ್ಲಿ ಟೆಕ್ಸಸ್ ಅಮೆರಿಕದ ರಾಜ್ಯವಾಯಿತು. ಸಾಲ ಮಾತ್ರ ಅದರ ತಲೆಯ ಮೇಲೆಯೇ ಉಳಿಯಿತು. 1850ರಲ್ಲಿ ಒಂದು ರಾಜಿ ಏರ್ಪಟ್ಟಿತು: ಇಂದು ನ್ಯೂ ಮೆಕ್ಸಿಕೊ, ಕೊಲೊರಾಡೊ ಮುಂತಾದ ರಾಜ್ಯಗಳಿಗೆ ಸೇರಿರುವ ವಿಶಾಲ ನೆಲದ ಮೇಲಿನ ಹಕ್ಕನ್ನು ಟೆಕ್ಸಸ್ ಬಿಟ್ಟುಕೊಡಬೇಕು; ಬದಲಿಗೆ ಒಕ್ಕೂಟ ಒಂದು ಕೋಟಿ ಡಾಲರುಗಳ ಸಾಲಪತ್ರಗಳನ್ನು ಕೊಡಬೇಕು. ಹತ್ತು ವರ್ಷದ ಸ್ವಾತಂತ್ರ್ಯದ ಲೆಕ್ಕ ಚುಕ್ತಾ ಆದದ್ದು ಹೀಗೆ, ನೆಲ ಕೊಟ್ಟು. ಆ ಸಾಲಪತ್ರಗಳು ಮುಂದೆ ಇನ್ನೊಂದು ದೊಡ್ಡ ಮೊಕದ್ದಮೆಗೆ ಕಾರಣವಾದವು. ಆ ವಿಷಯ ಮುಂದೆ ಬರುತ್ತದೆ.

ನಾಲ್ಕನೆಯದು ಹವಾಯಿ. ಪೆಸಿಫಿಕ್ ಸಾಗರದ ನಡುವಿನ ಈ ದ್ವೀಪರಾಜ್ಯ ತನ್ನದೇ ಅರಸೊತ್ತಿಗೆಯ ಸ್ವತಂತ್ರ ದೇಶವಾಗಿತ್ತು. 1875ರ ಒಪ್ಪಂದದಿಂದ ಅದರ ಸಕ್ಕರೆಗೆ ಅಮೆರಿಕದ ಮಾರುಕಟ್ಟೆ ಸುಂಕವಿಲ್ಲದೆ ತೆರೆಯಿತು. ಕಬ್ಬಿನ ತೋಟಗಳು ಬೆಳೆದವು, ತೋಟದ ಒಡೆಯರು ಕೊಬ್ಬಿದರು, ನಾಡಿನ ಆರ್ಥಿಕತೆ ಆ ಒಂದೇ ಬೆಳೆಗೆ, ಆ ಒಂದೇ ಗಿರಾಕಿಗೆ ಜೋತುಬಿತ್ತು. 1890ರಲ್ಲಿ ವಾಷಿಂಗ್ಟನ್ನಿನಲ್ಲಿ ಮೆಕಿನ್ಲಿ ಸುಂಕ ಕಾಯಿದೆ ಬಂತು. ಎಲ್ಲ ದೇಶಗಳ ಸಕ್ಕರೆಯ ಮೇಲಿನ ಸುಂಕವನ್ನೂ ಅದು ತೆಗೆದುಹಾಕಿ, ಅಮೆರಿಕದೊಳಗಿನ ಬೆಳೆಗಾರರಿಗೆ ಪೌಂಡಿಗೆ ಎರಡು ಸೆಂಟ್ ಪ್ರೋತ್ಸಾಹಧನ ಕೊಟ್ಟಿತು. ಹವಾಯಿಯ ಹೆಚ್ಚುಗಾರಿಕೆ ಒಂದೇ ಏಟಿಗೆ ಹೋಯಿತು. ಅಮೆರಿಕದೊಳಗೆ ಸೇರಿಬಿಟ್ಟರೆ ಆ ಪ್ರೋತ್ಸಾಹಧನ ತಮಗೂ ಸಿಗುತ್ತದೆಂಬುದು ತೋಟದ ಒಡೆಯರಿಗೆ ತಿಳಿಯದೆ ಇರಲಿಲ್ಲ. 1893ರ ಜನವರಿಯಲ್ಲಿ, ಬಂದರಿನಲ್ಲಿದ್ದ ಅಮೆರಿಕದ ಹಡಗಿನಿಂದ ಸೈನಿಕರು ಇಳಿದಿರುವಾಗಲೇ, ರಾಣಿ ಲಿಲಿಯುಕಲಾನಿಯನ್ನು ಪದಚ್ಯುತಗೊಳಿಸಲಾಯಿತು. 1898ರಲ್ಲಿ ಹವಾಯಿ ಅಮೆರಿಕದ ಭಾಗವಾಯಿತು, 1959ರಲ್ಲಿ ರಾಜ್ಯವಾಯಿತು. ಈ ಅನ್ಯಾಯಕ್ಕಾಗಿ ಅಮೆರಿಕದ ಸಂಸತ್ತು 1993ರಲ್ಲಿ ಕ್ಷಮೆ ಕೇಳಿತು. ದಂಗೆಗೆ ಸುಂಕವೊಂದೇ ಕಾರಣವಲ್ಲ. ಆದರೂ ದೂರದ ರಾಜಧಾನಿಯ ಒಂದು ಕಾಯಿದೆ ಸ್ವತಂತ್ರ ದೇಶವೊಂದರ ಬುಡ ಅಲುಗಿಸಿತು, ಆ ಕಾಯಿದೆಯ ಮೇಲೆ ಆ ದೇಶಕ್ಕೆ ಒಂದು ಮತವೂ ಇರಲಿಲ್ಲ ಎಂಬುದು ನಿಜ.

ಈ ನಾಲ್ಕೂ ಕಥೆಗಳಲ್ಲಿ ಸೋಲಿಗೆ ಬಡತನವಾಗಲಿ ಸೋಮಾರಿತನವಾಗಲಿ ಕಾರಣವಾಗಿರಲಿಲ್ಲ. ನಾಲ್ಕಕ್ಕೂ ಬೇಕಾಗಿದ್ದ ದಾರಿ, ಮಾರುಕಟ್ಟೆ, ನಂಬಿಕೆಯ ಹಣ ಪರರ ಕೈಯಲ್ಲಿದ್ದವು. ಇಂದಿನ ರಾಜ್ಯಗಳು ಹಿಂದಿನವುಗಳಿಗಿಂತ ನೂರಾರು ಪಾಲು ಶ್ರೀಮಂತವಾಗಿವೆ, ನಿಜ. ಹಾಗಾದರೆ ಇಂದು ಒಂದು ರಾಜ್ಯ ಬೇರೆಯಾಗಲು ಹೊರಟರೆ ಏನೇನು ಎದುರಾದೀತು?

ಮನೆ ಪಾಲಾಗುವಾಗ ಪಾತ್ರೆಪಗಡಿಗಿಂತ ಮೊದಲು ಸಾಲದ ಪತ್ರ ಹೊರಬರುತ್ತದೆ. ಒಕ್ಕೂಟ ಸರ್ಕಾರದ ಸಾಲ 2024ರ ಕೊನೆಯಲ್ಲಿ 36 ಲಕ್ಷ ಕೋಟಿ ಡಾಲರುಗಳನ್ನು ದಾಟಿತ್ತು. ಜನಸಂಖ್ಯೆಯ ಪ್ರಕಾರ ಹಂಚಿದರೆ ಕ್ಯಾಲಿಫೋರ್ನಿಯದ ಪಾಲು ನಾಲ್ಕು ಲಕ್ಷ ಕೋಟಿಯ ಸುಮಾರಿಗೆ ಬರುತ್ತದೆ. ಅಂದರೆ ಅದು ಹೆಮ್ಮೆಯಿಂದ ಹೇಳಿಕೊಂಡ ಇಡೀ ಒಂದು ವರ್ಷದ ಉತ್ಪನ್ನದಷ್ಟು. ಟೆಕ್ಸಸ್‌ನ ಪಾಲು ಅದರ ಒಂದು ವರ್ಷದ ಉತ್ಪನ್ನವನ್ನೂ ಮೀರುತ್ತದೆ.

ಹೀಗೆ ಸಾಲ ಹಂಚುವುದು ಎಷ್ಟು ಕಷ್ಟವೆಂಬುದಕ್ಕೆ ಅಮೆರಿಕದಲ್ಲೇ ಉದಾಹರಣೆ ಉಂಟು. ಅಂತರ್ಯುದ್ಧದ ನಡುವೆ, 1863ರಲ್ಲಿ, ವರ್ಜೀನಿಯದಿಂದ ಪಶ್ಚಿಮ ವರ್ಜೀನಿಯ ಬೇರೆ ರಾಜ್ಯವಾಯಿತು. ಯುದ್ಧಕ್ಕೆ ಮುಂಚಿನ ಸಾಲದಲ್ಲಿ ಯಾರ ಪಾಲೆಷ್ಟು ಎಂಬ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1915ರಲ್ಲಿ ನ್ಯಾಯಾಲಯ ಪಶ್ಚಿಮ ವರ್ಜೀನಿಯದ ಪಾಲು ಸುಮಾರು 1.24 ಕೋಟಿ ಡಾಲರ್ ಎಂದು ತೀರ್ಮಾನಿಸಿತು. ಅದು ಪೂರ್ತಿ ತೀರಿದ್ದು 1939ರಲ್ಲಿ. ಒಂದೇ ದೇಶದೊಳಗೆ, ಒಂದೇ ನ್ಯಾಯಾಲಯದ ಕೆಳಗೆ ಇದ್ದ ಎರಡು ರಾಜ್ಯಗಳಿಗೆ ಪಾಲುಪಟ್ಟಿ ಮುಗಿಸಲು 76 ವರ್ಷ ಹಿಡಿಯಿತು. ನಡುವೆ ನ್ಯಾಯಾಧೀಶರೇ ಇಲ್ಲದ ಎರಡು ದೇಶಗಳ ನಡುವೆ ಎಷ್ಟು ಹಿಡಿದೀತೆಂದು ಊಹಿಸಬಹುದು.

ಸಾಲದ ಬೆನ್ನಿಗೇ ಪಿಂಚಣಿ ಬರುತ್ತದೆ. 1935ರ ಸಾಮಾಜಿಕ ಭದ್ರತಾ ಕಾಯಿದೆಯ ಪ್ರಕಾರ ದುಡಿಯುವವರಲ್ಲಿ ಬಹುಪಾಲು ಮಂದಿ ಒಕ್ಕೂಟದ ನಿಧಿಗೆ ಹಣ ಕಟ್ಟುತ್ತಾರೆ. ಮಿಷಿಗನ್‌ನ ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಕಾರ್ಮಿಕ ಚಳಿ ತಾಳಲಾರದೆ ಮುಪ್ಪಿನಲ್ಲಿ ಫ್ಲಾರಿಡದಲ್ಲೋ ಅರಿಜೋನದಲ್ಲೋ ನೆಲೆಸುವುದು ಅಲ್ಲಿ ಸಾಮಾನ್ಯ. ಇಂದು ಅವನ ಪಿಂಚಣಿ ಅವನ ಹಿಂದೆಯೇ ಬರುತ್ತದೆ. ಫ್ಲಾರಿಡ ಬೇರೆ ದೇಶವಾದರೆ ಆ ಮುದುಕನ ಪಿಂಚಣಿ ಯಾರ ಹೊಣೆ? ಅವನು ದುಡಿದ ರಾಜ್ಯದ್ದೋ, ಬಾಳುತ್ತಿರುವ ರಾಜ್ಯದ್ದೋ, ಹಣ ಕಟ್ಟಿಸಿಕೊಂಡ ಒಕ್ಕೂಟದ್ದೋ? ಪ್ರತ್ಯೇಕತೆಯ ಭಾಷಣಗಳಲ್ಲಿ ಈ ಮುದುಕ ಬರುವುದಿಲ್ಲ. ಆದರೆ ಪಾಲುಪಟ್ಟಿ ಬರೆಯುವ ದಿನ ಬಾಗಿಲಲ್ಲಿ ಮೊದಲು ನಿಲ್ಲುವವನು ಅವನೇ.

ಮೂರನೆಯದು ನಾಣ್ಯ. ಅಮೆರಿಕದ ಸಂವಿಧಾನ ರಾಜ್ಯಗಳಿಗೆ ನಾಣ್ಯ ಟಂಕಿಸುವ, ನೋಟು ಹೊರಡಿಸುವ ಅಧಿಕಾರ ಕೊಟ್ಟಿಲ್ಲ. ಸಾಲ ಮಾಡಬಹುದು, ತೀರಿಸಲು ನೋಟು ಅಚ್ಚುಹಾಕುವಂತಿಲ್ಲ. 1837ರ ಆರ್ಥಿಕ ಕುಸಿತದ ನಂತರದ ವರ್ಷಗಳಲ್ಲಿ ಎಂಟು ರಾಜ್ಯಗಳು ಸಾಲ ತೀರಿಸಲಾರದೆ ಕೈಚೆಲ್ಲಿದವು. ಒಕ್ಕೂಟ ಸಹಾಯಕ್ಕೆ ಬರಲಿಲ್ಲ. ಅಂದಿನಿಂದ ರಾಜ್ಯಗಳು ಆದಾಯಕ್ಕೆ ತಕ್ಕ ಖರ್ಚು ಎಂಬ ಕಟ್ಟಳೆಯನ್ನು ತಮ್ಮ ಸಂವಿಧಾನಗಳಲ್ಲಿ ಬರೆದುಕೊಳ್ಳತೊಡಗಿದವು. ಇಂದು ವರ್ಮಾಂಟ್ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಯಾವುದಾದರೂ ರೂಪದಲ್ಲಿ ಅದು ಇದೆ. ಈ ಶಿಸ್ತು ಸಾಧ್ಯವಾಗಿರುವುದಕ್ಕೆ ಒಂದು ಕಾರಣ, ಯುದ್ಧ, ಆರ್ಥಿಕ ಕುಸಿತ, ಭೂಕಂಪ, ಚಂಡಮಾರುತಗಳ ಕಾಲದಲ್ಲಿ ಸಾಲ ಮಾಡುವ ಕೆಲಸವನ್ನು ಒಕ್ಕೂಟ ಹೊತ್ತಿರುವುದು. 2005ರಲ್ಲಿ ಕತ್ರಿನಾ ಚಂಡಮಾರುತ ಲೂಯಿಸಿಯಾನ, ಮಿಸಿಸಿಪ್ಪಿ ತೀರಗಳನ್ನು ಹಾಳುಗೆಡವಿದಾಗ ಒಕ್ಕೂಟ ಆ ಭಾಗದ ಪುನರ್ನಿರ್ಮಾಣಕ್ಕೆ 10,000 ಕೋಟಿ ಡಾಲರಿಗೂ ಹೆಚ್ಚು ಕೊಟ್ಟಿತು. ಲೂಯಿಸಿಯಾನ ಒಂಟಿ ದೇಶವಾಗಿದ್ದರೆ ಆ ಹಣಕ್ಕೆ ಯಾವ ಬಾಗಿಲು ತಟ್ಟಬೇಕಿತ್ತು?

ನಾಲ್ಕನೆಯದು ನೀರು ಮತ್ತು ದಾರಿ. ಕೊಲೊರಾಡೊ ನದಿಯ ನೀರನ್ನು ಏಳು ರಾಜ್ಯಗಳು 1922ರ ಒಪ್ಪಂದದ ಚೌಕಟ್ಟಿನಲ್ಲಿ ಹಂಚಿಕೊಳ್ಳುತ್ತವೆ. ಅತಿ ದೊಡ್ಡ ಪಾಲು ಕ್ಯಾಲಿಫೋರ್ನಿಯದ್ದು, ಆದರೆ ಆ ನೀರು ಹುಟ್ಟುವುದು ಬೇರೆ ರಾಜ್ಯಗಳ ಬೆಟ್ಟಗಳಲ್ಲಿ. ಅದನ್ನು ಹಿಡಿದಿಡುವ ಹೂವರ್ ಅಣೆಕಟ್ಟು ಇರುವುದು ನೆವಾಡ ಮತ್ತು ಅರಿಜೋನ ಗಡಿಯಲ್ಲಿ. 1934ರಲ್ಲಿ ಕ್ಯಾಲಿಫೋರ್ನಿಯಕ್ಕೆ ನೀರು ಒಯ್ಯುವ ಪಾರ್ಕರ್ ಅಣೆಕಟ್ಟಿನ ಕೆಲಸ ತಡೆಯಲು ಅರಿಜೋನದ ಗವರ್ನರ್ ತನ್ನ ರಾಜ್ಯದ ಸೈನಿಕರನ್ನೇ ಕಳಿಸಿದ್ದ. ಒಂದೇ ದೇಶವಾದ್ದರಿಂದ ಆ ಜಗಳ ಕೋರ್ಟು ಮತ್ತು ಕಾಂಗ್ರೆಸ್ಸಿನ ಮೆಟ್ಟಿಲೇರಿ ಮುಗಿಯಿತು. ಇದೇ ನದಿಯ ಕೊನೆಯಲ್ಲಿ ನಿಜವಾಗಿಯೂ ಬೇರೆ ದೇಶವೊಂದಿದೆ, ಮೆಕ್ಸಿಕೊ. 1944ರ ಒಪ್ಪಂದದಲ್ಲಿ ಅದಕ್ಕೆ ಒಂದು ಪಾಲು ಉಂಟು. ಆದರೆ ನದಿ ಇಂದು ಸಾಮಾನ್ಯವಾಗಿ ಸಮುದ್ರ ಮುಟ್ಟುವ ಮೊದಲೇ ಒಣಗಿಹೋಗುತ್ತದೆ. ನದಿಯ ಕೆಳಭಾಗದಲ್ಲಿ ಪರದೇಶವಾಗಿರುವುದೆಂದರೆ ಏನೆಂಬುದನ್ನು ಆ ಒಣಗಿದ ಮುಖಜಭೂಮಿ ಹೇಳುತ್ತದೆ.

ಸಮುದ್ರವಿಲ್ಲದ ಅಯೋವಾ, ಮಿಸೌರಿಯಂಥ ರಾಜ್ಯಗಳ ಕಷ್ಟ ಬೇರೆ. 1802ರಲ್ಲಿ ನ್ಯೂ ಆರ್ಲಿಯನ್ಸ್ ಬಂದರು ಸ್ಪೇನ್ ದೇಶದವರ ಕೈಯಲ್ಲಿತ್ತು. ಅಲ್ಲಿ ಸರಕು ಇಳಿಸಿಡುವ ಹಕ್ಕನ್ನು ಅವರು ರದ್ದುಮಾಡಿದಾಗ ಮಿಸಿಸಿಪ್ಪಿ ಕಣಿವೆಯ ರೈತರು ಹುಯಿಲೆಬ್ಬಿಸಿದರು. ಮರುವರ್ಷ ಅಧ್ಯಕ್ಷ ಜೆಫರ್ಸನ್ ಆ ಬಂದರಿನ ಜೊತೆಗೆ ಇಡೀ ಲೂಯಿಸಿಯಾನ ಪ್ರಾಂತವನ್ನು ಫ್ರಾನ್ಸಿನಿಂದ ಒಂದೂವರೆ ಕೋಟಿ ಡಾಲರಿಗೆ ಕೊಂಡ. ಧಾನ್ಯ ಬೆಳೆಯುವ ನಾಡಿಗೆ ನದಿಯ ಬಾಯಿ ಪರರ ಕೈಯಲ್ಲಿರಬಾರದೆಂದು ಅಂದೇ ಅರ್ಥವಾಗಿತ್ತು.

ಒಂಟಿತನದ ಬೆಲೆಗೆ ಇತ್ತೀಚಿನ ಸಾಕ್ಷಿಯೂ ಉಂಟು. ಟೆಕ್ಸಸ್ ತನ್ನ ವಿದ್ಯುತ್ ಜಾಲವನ್ನು ಉಳಿದ ಅಮೆರಿಕದಿಂದ ಬಹುಮಟ್ಟಿಗೆ ಬೇರೆಯಾಗಿಟ್ಟುಕೊಂಡಿದೆ. ಒಕ್ಕೂಟದ ನಿಯಂತ್ರಣ ತನ್ನ ಮೇಲೆ ಬೇಡವೆಂಬುದು ಅದರ ಹಳೆಯ ಉದ್ದೇಶ. 2021ರ ಫೆಬ್ರವರಿಯಲ್ಲಿ ಅಸಾಧಾರಣ ಹಿಮಗಾಳಿ ಬೀಸಿದಾಗ ಸ್ಥಾವರಗಳು ಒಂದೊಂದಾಗಿ ನಿಂತವು. ನೆರೆಯಿಂದ ಸಾಕಷ್ಟು ವಿದ್ಯುತ್ ತರುವ ತಂತಿ ಇರಲಿಲ್ಲ. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲೆಯಲ್ಲಿ ಕೊರೆಯುವ ಚಳಿಗೆ ಸಿಕ್ಕವು. ಸತ್ತವರ ಸಂಖ್ಯೆ 246 ಎಂದು ರಾಜ್ಯ ಸರ್ಕಾರವೇ ದಾಖಲಿಸಿತು. ಅದೇ ಟೆಕ್ಸಸ್‌ನ ಪಶ್ಚಿಮ ತುದಿಯ ಎಲ್ ಪಾಸೊ ನಗರ ನೆರೆಯ ರಾಜ್ಯಗಳ ಜಾಲಕ್ಕೆ ಸೇರಿದೆ. ಅಲ್ಲಿ ಬಹುಪಾಲು ಮನೆಗಳಲ್ಲಿ ದೀಪ ಆರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ವಾದ ಏಕಪಕ್ಷೀಯವಾಗುತ್ತದೆ. ಹೆಚ್ಚು ಕೊಡುವ ರಾಜ್ಯಗಳ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಹಿಂದೆ ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಮುಂದೆ ನ್ಯೂಯಾರ್ಕಿನ ಸೆನೆಟರ್ ಆದರು. ತಮ್ಮ ರಾಜ್ಯ ವಾಷಿಂಗ್ಟನ್ನಿಗೆ ಕೊಡುವುದು ಎಷ್ಟು, ಪಡೆಯುವುದು ಎಷ್ಟು ಎಂಬ ಲೆಕ್ಕವನ್ನು ಅವರು ವರ್ಷ ವರ್ಷವೂ ಪ್ರಕಟಿಸುತ್ತಿದ್ದರು; ಕೊಡುವುದೇ ಹೆಚ್ಚೆಂದು ಅದು ತೋರಿಸುತ್ತಿತ್ತು. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್‌ಗಳದೂ ಇದೇ ದೂರು. ಇನ್ನೊಂದು ಕಡೆ, ಅಮೆರಿಕದ ಬಂದರುಗಳ ನಡುವೆ ಸರಕು ಸಾಗಿಸುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕೆಂಬ 1920ರ ಜೋನ್ಸ್ ಕಾಯಿದೆಯಿಂದ ಹವಾಯಿ, ಅಲಾಸ್ಕಗಳಲ್ಲಿ ಸಾಮಾನುಗಳ ಬೆಲೆ ಏರುತ್ತದೆಂಬ ಗೊಣಗಾಟ ಇಂದಿಗೂ ನಿಂತಿಲ್ಲ. ಒಕ್ಕೂಟಕ್ಕೂ ಒಂದು ಬೆಲೆಯಿದೆ. ಅದನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ.

ಆದರೆ ಒಂದು ವರ್ಷದ ಜಮಾಖರ್ಚು ಇಡೀ ಬಾಳಿನ ಲೆಕ್ಕವಾಗಲಾರದು. ಪಶ್ಚಿಮ ವರ್ಜೀನಿಯ ಇಂದು ಪಡೆಯುವ ರಾಜ್ಯಗಳ ಸಾಲಿನಲ್ಲಿದೆ. ಒಂದು ಕಾಲಕ್ಕೆ ಅದರ ಕಲ್ಲಿದ್ದಲು ಪೂರ್ವದ ನಗರಗಳ ಉಕ್ಕಿನ ಕುಲುಮೆಗಳನ್ನು ಉರಿಸಿತು, ಮನೆಗಳಿಗೆ ದೀಪ ಕೊಟ್ಟಿತು. ಗಣಿಯ ಲಾಭ ಬಹುಪಾಲು ಹೊರಗಿನ ಒಡೆಯರಿಗೆ ಹೋಯಿತು. ಗಣಿಧೂಳು ತುಂಬಿದ ಶ್ವಾಸಕೋಶ ಅಲ್ಲಿನ ಕಾರ್ಮಿಕರಿಗೆ ಉಳಿಯಿತು. ಆ ರೋಗಿಗಳಿಗೆ ಪರಿಹಾರ ಕೊಡುವ ಒಕ್ಕೂಟದ ಕಾಯಿದೆ ಬಂದದ್ದು 1969ರಲ್ಲಿ. ಈ ಹಣವನ್ನು ಇಂದಿನ ಖಾತೆಯಲ್ಲಿ ದಾನವೆಂದು ಬರೆದರೆ ನಿನ್ನೆಯ ಖಾತೆಯನ್ನು ಹರಿದು ಹಾಕಿದಂತಾಗುತ್ತದೆ. ಕೊಡುವ ರಾಜ್ಯಗಳೂ ಎಂದೂ ಕೈಚಾಚದೆ ಇದ್ದವಲ್ಲ. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಾಗ, ಮೊದಲು ಒಲ್ಲೆನೆಂದ ವಾಷಿಂಗ್ಟನ್ ಕೊನೆಗೆ ಸಾಲ ಕೊಟ್ಟೇ ಅದನ್ನು ಉಳಿಸಿತು.

ಕ್ಯಾಲಿಫೋರ್ನಿಯದ ಸಂಪತ್ತೂ ಹೀಗೆಯೇ. ಅಲ್ಲಿನ ಸಿಲಿಕಾನ್ ಕಣಿವೆಯ ಆರಂಭದ ಚಿಪ್ಪುಗಳನ್ನು 1960ರ ದಶಕದಲ್ಲಿ ಕೊಂಡವರಲ್ಲಿ ಅಮೆರಿಕದ ಸೇನೆ, ಬಾಹ್ಯಾಕಾಶ ಸಂಸ್ಥೆಗಳೇ ಮುಖ್ಯರು. ಇಂದಿನ ಅಂತರಜಾಲದ ಮೂಲವಾದ ಅರ್ಪಾನೆಟ್‌ನ ಮೊದಲ ಸಂದೇಶ 1969ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್‌ನಿಂದ ಸ್ಟಾನ್‌ಫರ್ಡಿಗೆ ಹೋದದ್ದು ಕ್ಯಾಲಿಫೋರ್ನಿಯದೊಳಗೇ ನಿಜ, ಖರ್ಚು ಮಾತ್ರ ರಕ್ಷಣಾ ಇಲಾಖೆಯದು. ಬೆಂಗಳೂರಿನಿಂದ ಆ ಕಣಿವೆಗೆ ಹೋದ ಕನ್ನಡಿಗ ಎಂಜಿನಿಯರನ ಕೈಯಲ್ಲಿರುವ ವೀಸಾ ಕೂಡ ಕ್ಯಾಲಿಫೋರ್ನಿಯ ಕೊಟ್ಟದ್ದಲ್ಲ, ವಾಷಿಂಗ್ಟನ್ ಕೊಟ್ಟದ್ದು. ಐವತ್ತು ರಾಜ್ಯಗಳ ಸುಂಕವಿಲ್ಲದ ಮಾರುಕಟ್ಟೆ, ಒಂದೇ ನಾಣ್ಯ, ಒಂದೇ ಕಾನೂನು, ಎಲ್ಲಿಂದ ಬೇಕಾದರೂ ಬಂದು ದುಡಿಯಬಲ್ಲ ಜನ, ಇವೆಲ್ಲ ಸೇರಿ 4.1 ಲಕ್ಷ ಕೋಟಿ ಆಯಿತು.

ಇನ್ನು ಬದಿಗಿಟ್ಟಿದ್ದ ಕಾನೂನಿನ ಮಾತು. ಟೆಕ್ಸಸ್ ನೆಲ ಬಿಟ್ಟುಕೊಟ್ಟು ಪಡೆದ ಸಾಲಪತ್ರಗಳಲ್ಲಿ ಕೆಲವು ಅಂತರ್ಯುದ್ಧದ ಕಾಲದಲ್ಲಿ ಅದರ ಕೈಯಲ್ಲೇ ಉಳಿದಿದ್ದವು. ಒಕ್ಕೂಟದಿಂದ ಹೊರಬಂದೆವೆಂದು ಘೋಷಿಸಿಕೊಂಡಿದ್ದ ಟೆಕ್ಸಸ್ ಸರ್ಕಾರ ಯುದ್ಧದ ಖರ್ಚಿಗಾಗಿ ಅವನ್ನು ಮಾರಿತು. ಯುದ್ಧ ಮುಗಿದ ಮೇಲೆ, ಆ ಮಾರಾಟ ಸಿಂಧುವಲ್ಲ, ಪತ್ರಗಳನ್ನು ಹಿಂತಿರುಗಿಸಿ ಎಂದು ಹೊಸ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1869ರಲ್ಲಿ ಮುಖ್ಯ ನ್ಯಾಯಾಧೀಶ ಸಾಲ್ಮನ್ ಚೇಸ್ ನೀಡಿದ ತೀರ್ಪು ಪ್ರಸಿದ್ಧವಾದದ್ದು: ಒಕ್ಕೂಟ ಒಡೆಯಲಾಗದ್ದು, ಅದರೊಳಗಿನ ರಾಜ್ಯಗಳೂ ಅಳಿಸಲಾಗದಂಥವು, ಟೆಕ್ಸಸ್ ಎಂದೂ ಹೊರಗೆ ಹೋಗಿರಲೇ ಇಲ್ಲ. ಹೊರಹೋಗಲು ಇರುವ ದಾರಿ ಎರಡೇ, ಒಂದು ಕ್ರಾಂತಿ, ಇನ್ನೊಂದು ಉಳಿದ ರಾಜ್ಯಗಳ ಒಪ್ಪಿಗೆ. ಸ್ವಾತಂತ್ರ್ಯದ ಸಾಲ ತೀರಿಸಲು ಸಿಕ್ಕ ಪತ್ರಗಳೇ ಸ್ವಾತಂತ್ರ್ಯದ ಬಾಗಿಲಿಗೆ ಬೀಗವಾದದ್ದು ಇತಿಹಾಸದ ಒಂದು ವಿಚಿತ್ರ.

ಬದುಕಬಲ್ಲವೆ ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕ್ಯಾಲಿಫೋರ್ನಿಯ, ಟೆಕ್ಸಸ್, ನ್ಯೂಯಾರ್ಕ್‌ಗಳು ಖಂಡಿತ ಬದುಕಬಲ್ಲವು. ವರ್ಮಾಂಟ್ ಕೂಡ ಬದುಕಬಲ್ಲದು. 1965ರಲ್ಲಿ ಮಲೇಷ್ಯದಿಂದ ಹೊರಬಿದ್ದ ಸಿಂಗಪುರ ಬದುಕಿತಷ್ಟೇ ಅಲ್ಲ, ಬೆಳೆದು ತೋರಿಸಿತು. ಆದರೆ ಹಾಗೆ ಬದುಕಬೇಕಾದರೆ ನೆರೆಯವರೊಡನೆ ಸುಂಕದ ಒಪ್ಪಂದ, ನೀರಿನ ಒಪ್ಪಂದ, ವಿದ್ಯುತ್ತಿನ ಒಪ್ಪಂದ, ನಾಣ್ಯದ ಒಪ್ಪಂದ, ಪಿಂಚಣಿಯ ಒಪ್ಪಂದ, ಜನ ಗಡಿ ದಾಟುವ ಒಪ್ಪಂದ ಎಲ್ಲವನ್ನೂ ಮಾಡಿಕೊಳ್ಳಬೇಕು. ಅವೆಲ್ಲ ಸೇರಿದರೆ ಆಗುವುದು ಬಿಟ್ಟುಬಂದ ಒಕ್ಕೂಟವೇ. ಒಂದು ವ್ಯತ್ಯಾಸವಿರುತ್ತದೆ: ಹಿಂದೆ ಆ ನಿಯಮಗಳನ್ನು ಬರೆಯುವ ಸಭೆಯಲ್ಲಿ ತನಗೂ ಕುರ್ಚಿ ಇತ್ತು, ಮತ ಇತ್ತು, ಈಗ ಬಾಗಿಲ ಹೊರಗೆ ನಿಂತು ಕೇಳಿಕೊಳ್ಳಬೇಕು. ರೋಡ್ ಐಲೆಂಡ್ 1790ರಲ್ಲಿ ಅರಿತದ್ದು ಅದನ್ನೇ. ಹವಾಯಿ ಅರಿತದ್ದೂ ಅದನ್ನೇ, ತಡವಾಗಿ, ದುಬಾರಿ ಬೆಲೆ ತೆತ್ತು.

ಇನ್ನು ಪಶ್ಚಿಮ ವರ್ಜೀನಿಯ, ಮಿಸಿಸಿಪ್ಪಿಗಳಂಥ ರಾಜ್ಯಗಳು ಬೇರೆಯಾಗಲು ಕೇಳಿದವುಗಳೇ ಅಲ್ಲ. ಸಿರಿವಂತರು ಎದ್ದುಹೋದ ಮನೆಯಲ್ಲಿ ಉಳಿಯುವವರು ಅವರು. ಆದ್ದರಿಂದ ಒಂದು ರಾಜ್ಯ ಒಂಟಿಯಾಗಿ ಬದುಕಬಲ್ಲುದೆ ಎಂಬ ಪ್ರಶ್ನೆ ಕೇಳಿದಾಗಲೆಲ್ಲ ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಅದು ಎದ್ದುಹೋದರೆ ಹಿಂದೆ ಉಳಿದವರು ಹೇಗೆ ಬದುಕುತ್ತಾರೆ? ಸ್ನೇಹಿತರೆ, ಒಕ್ಕೂಟದಲ್ಲಿ ಬಾಳುವ ಯಾವ ನಾಡಿನವರಿಗೂ ಈ ಲೆಕ್ಕ ಅಪರಿಚಿತವಾದದ್ದಲ್ಲ. ಪಾಲು ಕೇಳುವುದು ತಪ್ಪಲ್ಲ. ಪಾಲು ನ್ಯಾಯವಾಗಿರಬೇಕೆಂದು ಹಟ ಹಿಡಿಯುವುದೂ ತಪ್ಪಲ್ಲ. ಆ ನ್ಯಾಯವನ್ನು ಒಳಗೆ ಕುಳಿತು ಕೇಳುವ ಹಕ್ಕು ಎಷ್ಟು ಬೆಲೆಯುಳ್ಳದ್ದೆಂಬುದನ್ನು, ಒಮ್ಮೆ ಹೊರಗೆ ಬಾಳಿ ನೋಡಿದ ವರ್ಮಾಂಟ್, ರೋಡ್ ಐಲೆಂಡ್, ಟೆಕ್ಸಸ್, ಹವಾಯಿಗಳ ಇತಿಹಾಸ ತಿಳಿಸುತ್ತದೆ.